ಕೇಳಿದರೆ ಕೊಟ್ಟುಬಿಡುವ ಅಭ್ಯರ್ಥಿ

ಪ್ರಚಾರಕ್ಕೆ ಹೋಗುವ ಹಿಂದಿನ ದಿನ ನನ್ನ ಗಂಡ ನಬುಆಕಾ ದೀವಿಹಲಸಿನ ಮರದ ಕೆಳಗೆ ಕೇದಗೆ ಚಾಪೆ ಹಾಕಿಕೊಂಡು, ಇಲ್ಲ ಅನ್ನುವುದನ್ನು ಕಲಿಯುತ್ತಿದ್ದ. ಕಲಿಸುವವಳು ನಾನು. ನಂಟರ ಹಾಗೆ ಕೈ ಚಾಚಿ ನಾನು ಟೋಪಿ ಕೇಳಬೇಕು, ಅವನು ಕೊಡಬಾರದು. ಕೇಳಿದೆ. ನನ್ನ ಮುಖ ನೋಡಿದ, ಬೆವರಿದ, ತೆಗೆದು ಕೊಟ್ಟ. ಅಂಗಿ ಕೇಳಿದೆ. ಅದನ್ನೂ ಬಿಚ್ಚಿದ.

"ಇನ್ನು ಲುಂಗಿ ಕೇಳ್ಲಾ?" ಅಂದೆ.

"ಬೇಡ ಕಣೇ, ಪಕ್ಕದ ಮನೆಯವ್ರು ನೋಡ್ತಿದಾರೆ."

ಆಗ ಅವನಿಗೆ ಅರವತ್ತೆಂಟು. ನಮ್ಮ ದ್ವೀಪಗಳ ದೇಶ ಕಿರಿಬಾಸಿನ ಅಧ್ಯಕ್ಷನಾಗಬೇಕು ಅಂತ ಮೂರು ಸಲ ನಿಂತು ಮೂರು ಸಲವೂ ಸೋತಿದ್ದ. ನಾಲ್ಕನೆಯ ಸಲಕ್ಕೂ ಶಾಸನಸಭೆಯವರು ಅಭ್ಯರ್ಥಿಗಳ ಪಟ್ಟಿಗೆ ಅವನ ಹೆಸರು ಸೇರಿಸಿದ್ದರು. ಇದೇ ಕೊನೆಯದು, ಹೇಗಾದರೂ ಗೆಲ್ಲಬೇಕು ಅಂತಿದ್ದ. ಗೆಲ್ಲುವುದಕ್ಕೆ ದೋಣಿ ಬೇಕು. ನಮ್ಮ ಅಬೈಯಾಂಗ್ ದ್ವೀಪದಿಂದ ಉಳಿದ ಒಂದೊಂದು ದ್ವೀಪಕ್ಕೂ ಹೋಗಿ, ಚಾವಡಿಯಲ್ಲಿ ಹಿರಿಯರ ಮುಂದೆ ಹೊಗೆಸೊಪ್ಪು ಇಟ್ಟು, ಕೂತು ಮಾತಾಡದೆ ಯಾರೂ ವೋಟು ಹಾಕುವುದಿಲ್ಲ. ದೋಣಿ ಇತ್ತು. ಅದನ್ನು ಉಳಿಸಿಕೊಳ್ಳುವುದೇ ಕಷ್ಟ.

ನಮ್ಮಲ್ಲಿ ಬುಬುಸಿ ಅಂತ ಇದೆ. ನಂಟರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. ಅಂದರೆ ನಾಚಿಕೆಗೇಡು. ಕೇಳುವವರು ಬರುತ್ತಾರೆ ಅಂತ ಗೊತ್ತಾದರೆ ಜನ ಸಾಮಾನು ಬಚ್ಚಿಡುತ್ತಾರೆ. ನನ್ನ ಗಂಡ ಎದುರಿಗೆ ಹೋಗಿ ಕರೆದುಕೊಂಡು ಬರುತ್ತಿದ್ದ.

ಮೊದಲ ಚುನಾವಣೆಯಲ್ಲಿ ಹಿರಿಯರಿಗೆಂದು ತಂದ ಹೊಗೆಸೊಪ್ಪು ದಡ ಬಿಡುವ ಮೊದಲೇ ನಂಟರ ಪಾಲಾಯಿತು. ಎರಡನೆಯದರಲ್ಲಿ ಮೈಕು ಯಾರದೋ ಮದುವೆಗೆ ಹೋಯಿತು. ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ. ಮೂರನೆಯದಕ್ಕೆ ಅವನ ಚಿಕ್ಕಮ್ಮನ ಮಗ ಬಾವುರೋ ಎದುರಾಳಿ. ಎದುರಾಳಿಯೇ ಮನೆಗೆ ಬಂದು ದೋಣಿ ಕೇಳಿದ. ಇವನು ಪೆಟ್ರೋಲು ತುಂಬಿಸಿ ಕೊಟ್ಟ.

ಬಾವುರೋ ಹೋದಲ್ಲೆಲ್ಲ, ಇದು ನಬುಆಕಾನ ದೋಣಿ, ಕೇಳಿದೆ, ಕೊಟ್ಟ ಅಂತ ಹೇಳಿ ಜನರನ್ನು ನಗಿಸಿದನಂತೆ. ಇವನು ಸರಕಿನ ಹಡಗು ಹಿಡಿದು ಮರಕೇಯಿ ದ್ವೀಪ ತಲಪುವಾಗ ತಡವಾಗಿತ್ತು. ಅಲ್ಲಿಯ ಮುದುಕನೊಬ್ಬ ಅಂದದ್ದನ್ನು ಇವನೇ ಬಂದು ಹೇಳಿ ನಕ್ಕ:

"ನೀನು ಒಳ್ಳೆಯವನಪ್ಪಾ. ಆದ್ರೆ ನಾಳೆ ಯಾವನಾದ್ರೂ ನಂಟ ಬಂದು ದೇಶ ಕೊಡು ಅಂದ್ರೆ ಕೊಟ್ಟುಬಿಡ್ತೀಯ."

ಬಾವುರೋ ಗೆದ್ದ. ದೋಣಿ ತಳ ಬಿರುಕು ಬಿಟ್ಟು ವಾಪಸು ಬಂತು. ತೇಪೆ ಹಾಕಿದರೂ ನೀರು ಜಿನುಗುವುದು ನಿಲ್ಲಲಿಲ್ಲ.

ಅದಕ್ಕೇ ನಾಲ್ಕು ವರ್ಷದ ಮೇಲೆ ಆ ಪಾಠ. ಪಾಠದ ದಿನವೇ ಮಧ್ಯಾಹ್ನ ನಾನು ಮೀನು ಸುಡುತ್ತಿದ್ದೆ, ಅಧ್ಯಕ್ಷ ಬಾವುರೋ ಬಂದ. ಅವನೂ ಮತ್ತೆ ನಿಂತಿದ್ದ. ಪ್ರಚಾರಕ್ಕೆ ಸರ್ಕಾರಿ ಹಡಗು ಮುಟ್ಟುವ ಹಾಗಿಲ್ಲವಂತೆ. ಎರಡು ಮೀನು ತಿಂದು ಕೈ ಒರೆಸಿಕೊಂಡ. ನಾನು ಗಂಡನ ಕಡೆ ನೋಡಿ ಬೇಡ ಅಂತ ತಲೆ ಅಲ್ಲಾಡಿಸಿದೆ.

"ಅಣ್ಣಾ, ಬುಬುಸಿ. ದೋಣಿ," ಅಂದ ಬಾವುರೋ.

ನಬುಆಕಾ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ತಗೊ. ಆದ್ರೆ ನಾನೂ ಬರ್ತೀನಿ. ಚಾವಡೀಲಿ ಮೊದಲು ನೀನು ಮಾತಾಡು. ಆಮೇಲೆ ನಾನು ನಿನ್ನ ಬೈತೀನಿ."

"ಸಮುದ್ರದ ಮಧ್ಯೆ ನಿನ್ನ ನೂಕಿಬಿಟ್ರೆ?"

"ಯಾಕೆ ನೂಕ್ತೀಯ?" ಅಂದೆ ನಾನು. "ಇಳಿ ಅಂತ ಕೇಳು, ಇಳೀತಾನೆ."

ಮೂವರೂ ನಕ್ಕೆವು. ನನಗೆ ಸಿಟ್ಟೂ ಇತ್ತು. ಆದರೆ ಕೇಳಿದವರಿಗೆ ಅವನು 'ಆದ್ರೆ' ಅಂದದ್ದು ಅದೇ ಮೊದಲು. ಈ ಸಲ ಗೆಲ್ಲುತ್ತಾನೆ ಅನ್ನಿಸಿತು.

ಬೆಳಗ್ಗೆ ನೀರಾ ಕುಡಿದ. ಎದೆ ಉರಿ ಅಂತ ಚಾಪೆಯ ಮೇಲೆ ಒರಗಿದ. ಏಳಲಿಲ್ಲ.

ಬಾವುರೋ ಪ್ರಚಾರ ಬಿಟ್ಟು ಮೂರು ದಿನ ಹೆಣದ ಪಕ್ಕ ಕೂತ. ಮಣ್ಣು ಮಾಡಿದ ಮೇಲೆ ದೋಣಿ ತಗೊಂಡು ಹೋದ. ಅವನೂ ಸೋತ. ದೋಣಿ ತಂದು ಕಟ್ಟಿ, ಅತ್ತಿಗೆ, ಇನ್ನು ಇದನ್ನ ಯಾರಿಗೂ ಕೊಡಬೇಡ ಅಂದ. ಇಲ್ಲ, ಕೊಡುವುದಿಲ್ಲ ಅಂದೆ. ವಾರದೊಳಗೆ ನನ್ನ ತಂಗಿಯ ಮನೆಯವರು ಬಂದು ಕೇಳಿದರು. ಕೊಟ್ಟೆ.

ನನ್ನ ಗಂಡ ಅಧ್ಯಕ್ಷ ಆಗಬೇಕಿತ್ತು. ಒಂದು ಸಲವಾದರೂ. ಈಗಲೂ ದೋಣಿ ವಾಪಸು ಬಂದರೆ ಸಾಕು, ಕೇಳಿಕೊಂಡು ಯಾರಾದರೂ ಬರುತ್ತಲೇ ಇರುತ್ತಾರೆ, ನೀರು ತುಂಬಿದ ದೋಣಿ ಕೊಟ್ಟರೆ ಅವನ ಹೆಸರಿಗೆ ಕೆಟ್ಟದು. ಬೆಳಗ್ಗೆ ಎದ್ದವಳೇ ದಡಕ್ಕೆ ಹೋಗುತ್ತೇನೆ. ಒಳಗೆ ನಿಂತ ನೀರನ್ನು ಡಬ್ಬದಲ್ಲಿ ಮೊಗೆದು ಹೊರಗೆ ಚೆಲ್ಲುತ್ತೇನೆ.