ಅಲೆಕ್ಸಾಂಡ್ರಿಯಾದಲ್ಲಿ ಅವಳು ತಪ್ಪಿಹೋದ ಆ ಒಂದು ಗಂಟೆ

2006ರ ಮಾತು. ನಾನಾಗ ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್ ಕೀಪರ್. ಅಲ್ಲೇ ಅಲ್ ಹಿಲಾಲ್ ಬಡಾವಣೆಯಲ್ಲಿ ಮನೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಹೆಂಡತಿ ಪ್ರಮೀಳಾಳನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಆ ವರ್ಷ ರಜೆ ಹಾಕಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ನಾಲ್ಕು ದಿನ ಹೋಗಿಬರುವುದೆಂದು ತೀರ್ಮಾನಿಸಿದೆವು.

ನಮ್ಮ ಆಫೀಸಿನ ಡ್ರಾಫ್ಟ್ಸ್‌ಮನ್ ಅಶ್ರಫ್ ಆ ಊರಿನವನೇ. ಒಂದು ಶುಕ್ರವಾರ ಮನೆಗೆ ಬಂದವನು ನೀರುದೋಸೆ ತಿನ್ನುತ್ತಾ ಸಲಹೆ ಕೊಡಲು ಶುರುಮಾಡಿದ. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ರಸ್ತೆ ದಾಟುವಾಗ ಅಲ್ಲಿನ ಯಾರಾದರೂ ಮುದುಕಿಯ ಪಕ್ಕ ನಿಂತು, ಅವಳು ಹೆಜ್ಜೆಯಿಟ್ಟಾಗ ನೀವೂ ಇಡಿ. ಹೋಟೆಲಿನ ಕಾರ್ಡು ಇಬ್ಬರ ಹತ್ತಿರವೂ ಇರಲಿ.

"ದಾರಿ ತಪ್ಪಿದರೆ ಸೀದಾ ಔಷಧಿ ಅಂಗಡಿಗೆ ಹೋಗಿ ಮೇಡಂ. ಅವರಿಗೆ ಇಂಗ್ಲಿಷ್ ಬರುತ್ತದೆ. ಖಲಾಸ್, ಅಷ್ಟೇ, ಚಿಂತೆಯಿಲ್ಲ" ಎಂದ.

ಪ್ರಮೀಳಾ ಎಲ್ಲವನ್ನೂ ಬರೆದುಕೊಂಡಳು. "ದಾರಿ ತಪ್ಪಲಿಕ್ಕೆ ನಾವೇನು ಮಕ್ಕಳಾ?" ಎಂದು ನಾನು ನಕ್ಕೆ.

ಮೂರನೆಯ ದಿನ ಟ್ರಾಮ್ ಹತ್ತಿದೆವು. ಅಲ್ಲಿ ಹೆಂಗಸರಿಗೆ ಬೇರೆಯೇ ಡಬ್ಬಿ. ಅವಳು ಅದರಲ್ಲಿ, ನಾನು ಹಿಂದಿನದರಲ್ಲಿ. ನಮ್ಮ ಸ್ಟಾಪಿನಲ್ಲಿ ನಾನು ಇಳಿದೆ. ಜನರ ನೂಕಾಟದಲ್ಲಿ ಅವಳಿಗೆ ಬಾಗಿಲ ತನಕ ಬರಲಾಗಲಿಲ್ಲ. ಟ್ರಾಮ್ ಹೊರಟೇಬಿಟ್ಟಿತು. ಕಿಟಕಿಯಲ್ಲಿ ಅವಳ ಅಂಗೈ ಮಾತ್ರ ಕಂಡಿತು. ಸ್ವಲ್ಪ ದೂರ ಓಡಿದೆ, ಪ್ರಯೋಜನವಾಗಲಿಲ್ಲ. ನಮ್ಮ ದೋಹಾದ ಮೊಬೈಲು ಅಲ್ಲಿ ನಡೆಯುತ್ತಿರಲಿಲ್ಲ.

ಅಲ್ಲೇ ನಿಂತಿದ್ದ ಪೊಲೀಸನಿಗೆ ಕೈಸನ್ನೆಯಲ್ಲೇ ವಿಷಯ ತಿಳಿಸಿದೆ. ಹರಕು ಇಂಗ್ಲಿಷಿನಲ್ಲಿ ಅವನು, "ಮೇಡಂ ಬಟ್ಟೆ ಯಾವ ಬಣ್ಣ?" ಎಂದು ಕೇಳಿದ.

ನಾನು ಬಾಯಿ ತೆರೆದೆ. ಬಣ್ಣ ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಅವಳು ಕನ್ನಡಿ ಮುಂದೆ ನಿಂತು, "ಇದು ಚಂದ ಉಂಟಾ?" ಎಂದು ಕೇಳಿದ್ದಳು. ಭೂಪಟದಿಂದ ತಲೆಯೆತ್ತದೆ ನಾನು "ಹ್ಞೂಂ" ಅಂದಿದ್ದೆ.

ಪೊಲೀಸ್ ಒಂದು ಕ್ಷಣ ನನ್ನ ಮುಖ ನೋಡಿದ. ಮತ್ತೇನೂ ಕೇಳದೆ ಟ್ಯಾಕ್ಸಿ ನಿಲ್ಲಿಸಿ, "ಹೋಟೆಲ್, ಯಲ್ಲಾ" ಎಂದು ಅವಸರಪಡಿಸಿ ಹತ್ತಿಸಿದ.

ಹೋಟೆಲಿಗೆ ಆಗಲೇ ಫೋನ್ ಬಂದಿತ್ತು. ಮುಂದಿನ ಸ್ಟಾಪಿನ ಔಷಧಿ ಅಂಗಡಿಯಿಂದ. ಅದೇ ಟ್ಯಾಕ್ಸಿಯಲ್ಲಿ ಹೋದೆ. ಪ್ರಮೀಳಾ ಸ್ಟೂಲಿನ ಮೇಲೆ ಕೂತು, ಅಂಗಡಿಯ ವಯಸ್ಸಾದ ಹೆಂಗಸಿನ ಜೊತೆ ಚಾ ಕುಡಿಯುತ್ತಿದ್ದಳು. ಗಿಳಿಹಸಿರು ಚೂಡಿದಾರ, ಅಂಚಿಗೆ ಹಳದಿ ಕಸೂತಿ. ಅದನ್ನು ನೋಡುತ್ತಲೇ ನಿಂತೆ.

"ಎಂತ ಹಾಗೆ ನೋಡುವುದು? ಹೆದರಿದ್ರಾ? ನಾನು ಎಲ್ಲಿಗೆ ಹೋಗ್ಲಿಕ್ಕುಂಟು ಮಾರಾಯ್ರೆ!" ಎಂದು ನಕ್ಕಳು. ಆ ತಾಯಿ ನನಗೂ ಒಂದು ಲೋಟ ಚಾ ತಂದುಕೊಟ್ಟರು.

ದೋಹಾಕ್ಕೆ ಮರಳಿದ ಮೇಲೆ ಈ ಕಥೆಯನ್ನು ಎಷ್ಟೋ ಮಂದಿಗೆ ಹೇಳಿ ನಗಿಸಿದ್ದೇನೆ. ಪೊಲೀಸ್ ಕೇಳಿದ ಪ್ರಶ್ನೆಯನ್ನು ಮಾತ್ರ ಯಾರಿಗೂ ಹೇಳಿಲ್ಲ, ಪ್ರಮೀಳಾಳಿಗೂ. ಇದನ್ನು ಓದುವಾಗಲೇ ಅವಳಿಗೆ ತಿಳಿಯಬೇಕು.