ಬುತ್ತಿ ಹಿಡಿದು ಸಮಾಧಿ ನೋಡಿದ್ದು

ಗೆಳೆಯರೇ, ಇವತ್ತು ಮದ್ರಾಸಿನಲ್ಲಿ ನಮ್ಮ ಮಧ್ಯಾಹ್ನದ ಊಟ ಕೈತಪ್ಪುವುದರಲ್ಲಿತ್ತು.

ಹಿಂದೆ ಯಾವಾಗಲೋ ಇಲ್ಲಿ ಬಿರುಗಾಳಿಗೆ ಸಿಕ್ಕಿ ಒಂದು ಹಡಗು ಮುಳುಗಿತ್ತಂತೆ. ಅದರ ಗುರುತುಗಳನ್ನೆಲ್ಲ ಗೈಡು ತೋರಿಸುತ್ತಿದ್ದ. ಟ್ರಾಮ್ ಇಳಿದು ದೀಪಸ್ತಂಭ ನೋಡಿದೆವು, ತುಕ್ಕು ಹಿಡಿದ ಲಂಗರು ನೋಡಿದೆವು. ಕೊನೆಗೆ ಮರಗಳ ನಡುವೆ ಸಾಲಾಗಿ ನೆಟ್ಟ ಕಲ್ಲುಗಳ ಮುಂದೆ ನಿಲ್ಲಿಸಿ, ಸತ್ತ ನಾವಿಕರ ಸಮಾಧಿ ಎಂದ.

ನಮ್ಮ ಸೋದರತ್ತೆ ಗಕ್ಕನೆ ನಿಂತಳು. ಚಿಂತಾಮಣಿಯಿಂದ ಕಟ್ಟಿಕೊಂಡು ಬಂದ ಬುತ್ತಿ ಅವಳ ಗಂಡನ, ಅಂದರೆ ನಮ್ಮ ಮಾವನ, ಕೈಯಲ್ಲಿತ್ತು.

"ಅದನ್ನೂ ಒಳಕ್ಕೆ ತಂದ್ರಾ? ಇನ್ನು ಅದನ್ನ ತಿನ್ನಂಗಿಲ್ಲ. ಎಲ್ರೂ ತಲೆಗೆ ಸ್ನಾನ ಮಾಡ್ಬೇಕು."

"ಸಮುದ್ರ ಇಲ್ಲೇ ಐತಲ್ಲ, ಮುಳುಗಿ ಬರಣ," ಎಂದರು ಮಾವ.

"ಹಡಗನ್ನೇ ನುಂಗಿರೋ ನೀರಿಗೆ ನಾನು ಇಳೀತೀನಾ?"

ಹುಳಿಯನ್ನದ ವಾಸನೆ ಎಲ್ಲರ ಮೂಗಿಗೂ ಬಡಿಯುತ್ತಿತ್ತು. ಆಗ ಗೈಡು ಮೆಲ್ಲಗೆ ತೆಲುಗಿನಲ್ಲಿ, "ಲೋಪಲ ಎವರೂ ಲೇರಮ್ಮಾ," ಎಂದ. ಒಳಗೆ ಯಾರೂ ಇಲ್ಲವಂತೆ. ಹೆಣಗಳು ಸಿಗಲೇ ಇಲ್ಲ, ಬರೀ ಹೆಸರು ಕೆತ್ತಿ ಕಲ್ಲು ನೆಟ್ಟರಂತೆ.

"ಹೆಣಾನೇ ಇಲ್ದಿದ್ಮೇಲೆ ಮೈಲಿಗೆ ಎಲ್ಲಿಂದ ಬಂತು? ಮೊದ್ಲೇ ಹೇಳಬಾರದೇನಪ್ಪ," ಎಂದ ಅತ್ತೆ ಅಲ್ಲೇ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ತಿನ್ನುತ್ತಾ ಅತ್ತೆ ಮಾವನ ಕಡೆ ನೋಡಿದಳು. "ಆ ಗಂಡಸ್ರೆಲ್ಲ ಎಲ್ಲೋ ದಡ ಸೇರ್ಕೊಂಡು, ಹೆಂಡ್ತೀರಿಗೆ ಹೇಳ್ದೆ ಹಾಯಾಗಿ ಇದ್ದಿರ್ತಾರೆ."

ಮಾವ, ಮುಂದಿನ ಹಡಗು ಎಷ್ಟು ಹೊತ್ತಿಗೆ ಎಂದು ಗೈಡನ್ನು ಕೇಳಿದರು.