ನಳ ತಿರುವುವ ಉಚ್ಚೆಂಗೆಮ್ಮ

ಬಳ್ಳಾರಿ ಮೈಸೂರಿಗೋ ಆಂಧ್ರಕ್ಕೋ ಎಂದು ಹೋಟೆಲುಗಳಲ್ಲೆಲ್ಲ ವಾದ ನಡೆದಿದೆ. ನಮ್ಮ ಓಣಿಯ ಬೀದಿ ನಳದಲ್ಲಿ ಮಾತ್ರ ಸರಕಾರ ಉಚ್ಚೆಂಗೆಮ್ಮನದೇ. "ಏಳ್ರೇ, ನೀರು ಬರೋ ಹೊತ್ತಾತು!" ಎಂದು ಅವಳು ಕೂಗಿದರೆ ಕೋಟೆ ಗುಡ್ಡವೂ ಕೊಡ ಹಿಡಿದು ಇಳಿದು ಬಂದೀತು. ಜಗಳ ತೆಲುಗಿನಲ್ಲಿ ಬಂದರೆ ತೆಲುಗಿನಲ್ಲಿ, ಉರ್ದುವಿನಲ್ಲಿ ಬಂದರೆ ಉರ್ದುವಿನಲ್ಲೇ ತೀರ್ಪು. ಬಸುರಿಯರಿಗೆ, ಗಿರಣಿಗೆ ಹೋಗುವವರಿಗೆ ತನ್ನ ಪಾಳಿ ಬಿಟ್ಟುಕೊಡುತ್ತಾಳೆ. ನೀರು ಬಂದಾಗ ಮೊದಲು ನಳ ತಿರುವುವುದನ್ನು ಮಾತ್ರ ಯಾರಿಗೂ ಬಿಡಳು. ಅವಳು ಮುಟ್ಟಿದ ನಳವನ್ನು ಮೂಲೆಮನೆಯ ಶಿವಬಸಮ್ಮನವರು ಹುಣಸೆಹಣ್ಣಿನಿಂದ ತೊಳೆದೇ ಕೊಡ ಇಡುವುದು. "ಚೆಂದಾಗಿ ತಿಕ್ರಿ ಅವ್ವಾರ, ನಮ್ಮ ನಳ ಬಂಗಾರದಂಗ ಹೊಳೀತೈತಿ!" ಎಂದು ಇವಳು ನಗುತ್ತಾಳೆ. ಮೊನ್ನೆ ಅವರು ಸಿಡುಕಿದರು: "ನಾಳಿಂದ ನಾನ ತಿರುವ್ತೀನಿ, ನೀ ದೂರ ನಿಲ್ಲು." ಉಚ್ಚೆಂಗೆಮ್ಮ ನಗಲಿಲ್ಲ. "ನಮ್ಮೂರು ದೇಶನೂರಾಗ ಬಾವಿಗೆ ದೂರ ನಿಂತು, ಯಾರಾರ ನೀರು ಹಾಕ್ರೀ ಅಂತ ಬೇಡಿದಾಕಿ ನಾನು. ನೀರು ನೀವ ಮೊದಲು ತುಂಬ್ಕೊಳ್ರಿ, ತಿರುವಾಕಿ ನಾನ!" ಮರುದಿನ ಶಿವಬಸಮ್ಮನವರ ಕೊಡವೇ ಮೊದಲು ಕೂತಿತ್ತು. ನಳ ಭುಸ್ಸೆಂದಿತು, ಉಚ್ಚೆಂಗೆಮ್ಮನ ಕೈ ತಿರುವಿತು; ಅವರು ಸೆರಗಿನ ಗಂಟಿನಿಂದ ಹುಣಸೆಹಣ್ಣು ಬಿಚ್ಚುವಷ್ಟರಲ್ಲಿ ಕೊಡ ತುಂಬಿ ಚೆಲ್ಲುತ್ತಿತ್ತು.